ಹುಮಾಳ ಒಪ್ಪಿಗೆ

ಪರದೆಯ ಕೆಳಗೆ ಖುದ್ದೂಸ್ ಮಾಮುವಿನ ಪಾದಗಳು, ಬಂದೇಬಿಟ್ಟರು, ಹಾಲ್‌ನಲ್ಲಿ ಹೆಣ್ಣು ಕೇಳಲು ಬಂದ ಸೈಫುಲ್ಲಾನ ಮನೆಯವರು ಚಹಾದ ಲೋಟ ಕೆಳಗಿಡುವ ಸದ್ದು, ಈಗ ಕೇಳುತ್ತಾರೆ, ಕೇಳಲಿ, ಹುಮಾ ಬಾಯಿಬಿಟ್ಟು ಹೇಳಿಯೇ ತೀರುತ್ತಾಳೆ, ಬ್ಯಾಡ ಮಾಮು, ಇಷ್ಟೇ ತಾನೆ — ಪಕ್ಕದಲ್ಲಿ ಭುವನೇಶ್ವರಿ, ದುಪಟ್ಟಾದ ಅಡಿಯಲ್ಲಿ ಅವಳ ಕೈ ಹಿಡಿದು ಕೂತಿದ್ದಾಳೆ, ಹರಿಹರದ ಈ ಮನೆಗೆ ಅವಳು ಹುಮಾಳ ಕಾಲೇಜಿನ ಗೆಳತಿ, ನಿಜಲಿಂಗಪ್ಪ ಬಡಾವಣೆಯ ಬಾಡಿಗೆ ಮನೆಯಲ್ಲಿ ಜೊತೆಗಿರುವವಳು, ಆ ಮನೆಯಲ್ಲಿ ಹಾಸಿಗೆ ಒಂದೇ ಎಂಬುದು ಇಲ್ಲಿ ಯಾರಿಗೂ ಗೊತ್ತಿಲ್ಲ, ಬೆಳಿಗ್ಗೆ ದಾವಣಗೆರೆಯಿಂದ ಬರುವಾಗ ಬಸ್ಸಿನಲ್ಲಿ ಭುವಿ ಅಂದಿದ್ದಳು, ನೀ ಏನೂ ಹೇಳಬ್ಯಾಡ, ಹ್ಞೂಂ ಅನ್ನದಿದ್ರೆ ಅವ್ರೇನು ಮಾಡ್ತಾರ, ಸುಮ್ಮನೆ ಕೂತ್ಬಿಡು — ಅಯ್ಯೋ ಹುಚ್ಚಿ, ನಮ್ಮಲ್ಲಿ ಹಾಗಲ್ಲ ಕಣೆ, ಮೂರು ಸಲ ಕೇಳುತ್ತಾರೆ, ಹುಡುಗಿ ಸುಮ್ಮನಿದ್ದರೆ ನಾಚಿಕೆ, ಒಪ್ಪಿದಳು ಅಂತಲೇ ಅರ್ಥ — ಆಗಲೇ ಹೇಳಬೇಕಿತ್ತು, ಹೇಳಲಿಲ್ಲ, ಹೇಗೂ ತಾನು ಬಾಯಿಬಿಡುವವಳೇ ಎಂಬ ಧೈರ್ಯ.

ಮೊನ್ನೆ ತಾನು ಕಲಿಸುವ ಕ್ಲಾಸಿನಲ್ಲಿ ಇರಲಿಲ್ಲವೇ ಆ ಧೈರ್ಯ, ಗ್ರೀಕರ ಹಳೆಯ ಕಾವ್ಯದ ಪಾಠ, ರೇವಂತ್ ಎದ್ದು ನಿಂತ, ಮೇಡಂ, ಆ ಇಬ್ರು ವೀರರು ಬರೇ ದೋಸ್ತರೇನ್ರಿ, ಅಲ್ಲಪ್ಪ, ಅಂದಳು ಹುಮಾ, ಅದು ಪ್ರೀತಿ, ಹೆಣ್ಣು ಹೆಣ್ಣನ್ನು ಬಯಸಿ ಹಾಡಿದ್ದೂ ಅವರಲ್ಲಿದೆ, ಹೆಣ್ಣಾಗಿ ಹುಟ್ಟಿ ಗಂಡಾಗಿ ಬಾಳಿದವರ ಕಥೆಯೂ ಇದೆ, ಅವರು ಮುಚ್ಚಿಡಲಿಲ್ಲ, ಮುಚ್ಚಿದ್ದು ಆಮೇಲೆ ಓದಿದ ನಾವು, ಹಿಂದಿನ ಬೆಂಚಿನವರು ಕಿಸಕ್ಕೆಂದರೂ ದನಿ ನಡುಗಲಿಲ್ಲ, ಯಾಕೆ ನಡುಗೀತು, ಸತ್ತು ಎರಡು ಸಾವಿರ ವರ್ಷ ಮೀರಿದವರ ಪರ ಮಾತಾಡಲು ಏನು ಕಷ್ಟ, ಅವರ ಅಮ್ಮಿ ಬಾಗಿಲಿಗೆ ಒರಗಿ ನಿಂತಿರುವುದಿಲ್ಲ.

ಹುಮಾ ಬೇಟಿ, ಸೈಫುಲ್ಲಾಗೆ ನಿನ್ನ ಕೊಡಬೇಕಂತ ಮಾಡೀವಿ, ನಿನ್ನ ರಜಾ ಐತಾ, ಒಪ್ಪಿಗೆ ಐತಾ — ಈಗ, ಈಗಲೇ — ಅಮ್ಮಿ ಇವಳ ಬಾಯನ್ನೇ ನೋಡುತ್ತಿದ್ದಾಳೆ, ಅಬ್ಬಾ ಹೋದ ಮೇಲೆ ಹೊಲಿಗೆ ಮೆಷಿನ್ ತುಳಿದು ಓದಿಸಿದ ಅಮ್ಮಿ, ಈ ಮುಖದ ಎದುರು ಹೇಗೆ, ಎರಡನೇ ಸಲ, ರಜಾ ಐತಾ ಬೇಟಿ, ಭುವಿಯ ಬೆರಳು ಅಂಗೈ ಒತ್ತುತ್ತದೆ, ಹಂಗೇ ಇರು, ಹಂಗೇ ಇರು — ಬಿಡೇ ಕೈ, ನಿನಗೆ ಗೊತ್ತಿಲ್ಲ, ನೀನೇ ನನ್ನನ್ನು ಕೊಡುತ್ತಿದ್ದೀಯ — ಸಿಟ್ಟು, ಪ್ರೀತಿ, ಮೂರನೆಯ ಸಲ, ಬ್ಯಾಡ ಎನ್ನಲು ತುಟಿ ಕೂಡಿದವು, ಕೂಡಿದ್ದು ಬಿಚ್ಚಲೇ ಇಲ್ಲ, ಮಾಶಾಲ್ಲಾ ಎಂದಷ್ಟೇ ಗೊಣಗಿ ಮಾಮು ಹಾಲ್‌ನತ್ತ ತಿರುಗಿದರು.

ಅಮ್ಮಿ ಒಳಬಂದು ಇವಳ ಬಾಯಿಗೆ ಸಕ್ಕರೆ ಹಾಕುತ್ತಾಳೆ, ನೀನೂ ತಗಳವ್ವ, ಭುವಿಯ ಬಾಯಿಗೂ ಒಂದು ಚಿಟಿಕೆ, ಭುವಿ ಕಿವಿಗೆ ಬಾಗಿ, ನೋಡಿದ್ಯಾ, ಏನೂ ಸಿಗದೆ ವಾಪಸ್ ಹೋದ್ರು, ಎಂದು ನಗುತ್ತಾಳೆ, ಮುಬಾರಕ್ ಎಂಬ ಕೂಗು ಇನ್ನೇನು ಹಾಲ್‌ನಿಂದ ಬರುತ್ತದೆ, ಅಲ್ಲಿಯತನಕ ನಗುತ್ತಾಳೆ, ಅವಳ ಕೆಳತುಟಿಯಲ್ಲಿ ಸಕ್ಕರೆ, ಒರೆಸಬೇಕು, ಕೈ ಏಳುತ್ತಿಲ್ಲ, ನಗುತ್ತಿದ್ದಾಳೆ, ತುಟಿಯಲ್ಲಿ ಸಕ್ಕರೆ.