ತಂಪು ಮನೆಯ ಬೆಲೆ

ಕಾಶಿಯ ಸೋನಾರ್‌ಪುರಾದ ಹಿಂದಿನ ಗಲ್ಲಿಯಲ್ಲಿದ್ದ ಮನೆಯನ್ನು ಮಾರಿ, ಹಣವನ್ನು ಮಠದ ದಾಸೋಹಕ್ಕೆ ಕೊಡಬೇಕೆಂದು ವೀರಮ್ಮ ನಿಶ್ಚಯಿಸಿದ್ದರು. ಕಾಶಿಯಲ್ಲಿ ಸಾಯಬೇಕೆಂದು ಅವರು ಗದಗಿನಿಂದ ಬಂದು ಹದಿನಾಲ್ಕು ವರ್ಷವಾಗಿತ್ತು. ಸಾಯುವವರೆಗೆ ಕೆಳಗಿನ ಕೋಣೆ ತಮಗೇ ಇರಬೇಕೆಂಬುದು ಅವರ ಷರತ್ತು. ಅಡುಗೆಯವಳಾದ ನಾನು ಮಲಗುವುದೂ ಅದೇ ಕೋಣೆಯಲ್ಲಿ. ಮನೆ ಕೊಂಡು ಲಾಡ್ಜು ಮಾಡಲು ಬಂದವನೊಬ್ಬ ಷರತ್ತು ಕೇಳಿದ್ದೇ ಎದ್ದು ಹೋದ. ಉಳಿದವರು ಉಷಾ ಮೇಡಂ ಒಬ್ಬರೇ. ಮೈಸೂರಿನವರು, ಇಲ್ಲಿನ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಡಾಕ್ಟರು. ಅವರೂ ಬೇಡವೆಂದರೆ ವೀರಮ್ಮ ಷರತ್ತು ಬಿಟ್ಟು ಮಠದ ಕೋಣೆ ಸೇರುತ್ತಾರೆ. ಅಲ್ಲಿ ನನಗೆ ಜಾಗವಿಲ್ಲ.

ಮೇ ತಿಂಗಳ ಒಂದು ಸಂಜೆ ಬಂದ ಮೇಡಂ ಕೇಳಿದ್ದು ಒಂದೇ, ಹಳೆಯ ಕರೆಂಟ್ ಬಿಲ್ಲು.

"ಬೇಸಿಗೇಲೂ ಇಷ್ಟೇನಾ? ನಮ್ಮ ಫ್ಲ್ಯಾಟಲ್ಲಿ ಇದರ ಇಪ್ಪತ್ತು ಪಟ್ಟು ಬರುತ್ತೆ."

"ಗ್ವಾಡಿ ಎರಡ್ ಮೊಳ ದಪ್ಪ ಅದಾವ್ರೀ ಡಾಕ್ಟರಮ್ಮ. ಎಸಿ ಹಚ್ಚೂದೇ ಬ್ಯಾಡ. ಅದಕ್ಕ ಎರಡು ಲಕ್ಷ ಹೆಚ್ಚಿಗಿ ಹೇಳಾಕತ್ತೀನಿ," ಎಂದರು ವೀರಮ್ಮ.

ಮೇಡಂ ನನ್ನ ಕಡೆ ತಿರುಗಿದರು. "ಸಂಧ್ಯಾ, ನೀನು ಹೇಳಮ್ಮ. ಮಧ್ಯಾಹ್ನ ಒಳಗೆ ಹೇಗಿರುತ್ತೆ?"

ನಾನು ನೆಲ ನೋಡಿದೆ. "ಗೊತ್ತಿಲ್ಲ ಮೇಡಂ."

"ಇಲ್ಲೇ ಇರ್ತೀಯಲ್ಲ?"

"ಬೇಸಿಗೇಲಿ ಹನ್ನೊಂದಕ್ಕೇ ಬೀಗ ಹಾಕಿ ಗೋದೌಲಿಯಾ ಹತ್ರ ಮಠಕ್ಕೆ ಹೋಗ್ತೀವಿ, ಪುರಾಣ ಕೇಳೋಕೆ. ಬರೋದು ಆರಕ್ಕೆ. ಅಲ್ಲಿ ಎಂಟು ಫ್ಯಾನಿದೆ."

ಮೇಡಂ ಬಿಲ್ಲುಗಳನ್ನು ಮಡಚಿದರು. "ಮಠದ ಫ್ಯಾನಿಗೆ ನಾನು ಎರಡು ಲಕ್ಷ ಕೊಡಬೇಕಾ ಅಮ್ಮ?"

"ಮೂರ್ ವರ್ಷ ಬಾಯಿ ಬಿಡದಾಕಿ," ಎಂದು ವೀರಮ್ಮ ನನ್ನ ಕಿವಿಯಲ್ಲಿ ಗೊಣಗಿದರು, "ಇವತ್ತ ಬಿಡಬೇಕಿತ್ತೇನ?"

ನನ್ನ ಹಾಸಿಗೆ ಹೋಯಿತೆಂದುಕೊಂಡೆ. ಆದರೆ ಮೇಡಂ ನಾಳೆ ಮಠಕ್ಕೆ ಹೋಗಬೇಡಿ ಎಂದು ಹೇಳಿ ಹೋಗಿ, ಮರುದಿನ ಮಧ್ಯಾಹ್ನ ಎರಡು ಥರ್ಮಾಮೀಟರ್ ಹಿಡಿದು ಬಂದರು. ಒಂದನ್ನು ಗಲ್ಲಿಯಲ್ಲಿ ನೇತುಹಾಕಿ, ಇನ್ನೊಂದನ್ನು ಒಳಗಿಟ್ಟು, ಫ್ಯಾನ್ ನಿಲ್ಲಿಸಿ ಬಾಗಿಲು ಮುಚ್ಚಿದರು. ವೀರಮ್ಮ ಸೆಕೆಗೆ ಹೆದರಿ ತಲೆಯ ಮೇಲೆ ಒದ್ದೆ ಬಟ್ಟೆ ಹಾಕಿಕೊಂಡು ಕುಳಿತರು. ಅರ್ಧ ಗಂಟೆಯಲ್ಲಿ ಅವರ ಗೊರಕೆ ಶುರುವಾಯಿತು.

ಮೂರು ಗಂಟೆಗೆ ಹೊರಗೆ ನಲವತ್ತಮೂರು, ಒಳಗೆ ಮೂವತ್ತೆರಡು.

"ಹದಿನಾಲ್ಕ್ ವರ್ಷ ಬಿಸಿಲಾಗ ಸುಮ್ನ ಅಡ್ಡಾಡಿದ್ನಲ್ಲ," ಎಂದು ಎದ್ದ ವೀರಮ್ಮ, ಬಟ್ಟೆ ತೆಗೆಯುವ ಮೊದಲೇ ಕೇಳಿದರು, "ಈಗ ಆ ಎರಡು ಲಕ್ಷದ ಮಾತೇನ್ರೀ?"

"ಒಂದು ಕೊಡ್ತೀನಿ. ಕೋಣೆ ನೀವಿರೋವರೆಗೂ ನಿಮ್ಮದು. ಸಂಧ್ಯಾನೂ ಇರಲಿ."

ವೀರಮ್ಮ ಗೋಡೆ ಸವರಿದರು. "ಆತು. ಆದ್ರ ಮೊದಲ ಹೇಳಿರ್ತೀನಿ, ಇಂಥಾ ತಂಪಿನ್ಯಾಗ ನಾ ಲಗೂ ಸಾಯಂಗಿಲ್ಲ."

ಮೇಡಂ ಅವರ ಕೈ ಹಿಡಿದು ನಾಡಿ ನೋಡಿದರು. ನಿಟ್ಟುಸಿರಿಟ್ಟು ಮುಂಗಡದ ಚೆಕ್ಕು ಬರೆದರು.