ಮಣ್ಣು ಎತ್ತದ ಏಡಿಗಳು

ಗಂಗಾವತಿಯ ಗಟಾರ ನೀರು ಹಳ್ಳಕ್ಕೆ ಸೇರುವ ಕಡೆ ಗೋವಿಂದರಾಜನ ಗದ್ದೆ ಇದೆ. ಗದ್ದೆಯ ಒಡ್ಡಿನ ಒಂದು ಮಗ್ಗುಲಿಗೆ ಆ ಹಳ್ಳ, ಇನ್ನೊಂದು ಮಗ್ಗುಲಿಗೆ ಗೌಸಬೀಯ ಕುಡಿಯುವ ನೀರಿನ ಬಾವಿ. ಏಡಿ ತೂತು ಕೊರೆದರೆ ಹಳ್ಳದ ನೀರು ಬಾವಿಗೆ ಹಾಯುತ್ತದೆ. ಹಾಗಾಗಿ ಒಡ್ಡು ಕಾಯುವುದು ಗೋವಿಂದರಾಜನ ಮನೆಯವರ ಕೆಲಸ. ರಾತ್ರಿ ಕೊರೆದ ಮಣ್ಣನ್ನು ಏಡಿ ಗೋಲಿ ಗೋಲಿಯಾಗಿ ಬಿಲದ ಬಾಯಿಗೆ ಒಟ್ಟಿರುತ್ತದೆ. ಬೆಳಿಗ್ಗೆ ಹಸಿ ಗೋಲಿ ಕಂಡಲ್ಲಿ ಹಿಮ್ಮಡಿಯಿಂದ ತುಳಿದು ಮುಚ್ಚಬೇಕು. ಮದುವೆಯಾಗಿ ಬಂದಾಗಿನಿಂದ ಅದನ್ನು ಮಾಡುತ್ತಿದ್ದವಳು ಗೋವಿಂದರಾಜನ ಹೆಂಡತಿ ರೇಣುಕಾದೇವಿ.

ಈ ವರ್ಷ ಹಳ್ಳಕ್ಕೆ ಗಟಾರದ ರಾಡಿ ಹೆಚ್ಚಿತು, ಒಡ್ಡಿನ ಮೇಲೆ ಗೋಲಿಗಳೇ ಕಾಣಲಿಲ್ಲ. ಗಟಾರಕ್ಕೆ ಏಡಿಯೆಲ್ಲ ಸತ್ತವು, ನಿನಗೊಂದು ಕೆಲಸ ಕಮ್ಮಿಯಾಯಿತು ಎಂದಳು ಅತ್ತೆ ಶಾಂತಕ್ಕ. ಮಕ್ಕಳನ್ನು ಶಾಲೆಗೆ ಕಳಿಸಿ ಅಕ್ಕಿ ಗಿರಣಿಯ ಕೂಲಿಗೆ ಓಡುವ ರೇಣುಕಾದೇವಿಗೆ ಅಷ್ಟೇ ಬೇಕಾಗಿತ್ತು. ಒಡ್ಡಿನ ಕಡೆ ಹೋಗುವುದನ್ನೇ ಬಿಟ್ಟಳು.

ಗೌಸಬೀಯ ಮಗಳು ಅನೀಸಾ ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಳು. ಬಾವಿ ನೀರು ನಾರುತ್ತದೆ ಎಂದು ಅವಳು ಮುಖ ಸಿಂಡರಿಸಿದಾಗ, ಬಸುರಿಗೆ ಎಲ್ಲವೂ ನಾರುತ್ತದೆ ಎಂದು ಗೌಸಬೀ ನಕ್ಕಳು. ದಿನ ಕಳೆದಂತೆ ವಾಸನೆ ಅವಳ ಮೂಗಿಗೂ ಹತ್ತಿತು. ಬಂದು ಶಾಂತಕ್ಕನ ಅಂಗಳದಲ್ಲಿ ಕೂತಳು.

“ನಿಮ್ಮ ಒಡ್ಡು ಸೋರಾಕ ಹತ್ತೈತಿ ಅನಸ್ತೈತಿ ಶಾಂತಕ್ಕ.”

“ಒಂದು ಏಡಿ ತೋರ್ಸು ನೋಡೂಣು. ತೂತು ಯಾರು ಕೊರೀಬೇಕು, ನಾನ?”

“ನಿನ್ನ ಹಲ್ಲಾಗ ಅಷ್ಟು ಕಸುವು ಎಲ್ಲೈತಿ ಬಿಡು,” ಎಂದು ಗೌಸಬೀ ಎದ್ದು ಹೋದಳು. ಅವಳ ಮುಖದಲ್ಲಿ ನಗು ಇರಲಿಲ್ಲ.

ಇದನ್ನು ಕೇಳಿಸಿಕೊಂಡ ರೇಣುಕಾದೇವಿ ಅಂದು ಗಿರಣಿಗೆ ಹೋಗದೆ ಒಡ್ಡಿನ ಮೇಲೆ ಅಲುಗದೆ ಕೂತಳು. ಎಷ್ಟೋ ಹೊತ್ತಿನ ಮೇಲೆ ಹುಲ್ಲಿನ ಬುಡದ ಹಳೆಯ ಬಿಲದಿಂದ ಒಂದು ಏಡಿ ಹೊರಬಂತು. ಆಮೇಲೆ ಇನ್ನೊಂದು, ಮತ್ತೊಂದು. ಅಂಗೈ ಅಗಲ ಕೊಬ್ಬಿದ್ದವು. ಮೊದಲು ಕೂಳಿಗಾಗಿ ಕೆಸರನ್ನೆಲ್ಲ ಕೆದರುತ್ತ ತಿರುಗುತ್ತಿದ್ದ ಪ್ರಾಣಿಗಳು ಈಗ ಬಾಗಿಲಲ್ಲೇ ಕೂತು, ಗಟಾರ ತಂದಿಟ್ಟ ರಾಡಿಯನ್ನು ಚಿವುಟಿ ಬಾಯಿಗಿಟ್ಟು, ನಾಲ್ಕು ತುತ್ತಿಗೇ ಸಾಕಾಗಿ ಒಳಗೆ ಸರಿಯುತ್ತಿದ್ದವು. ಕೊರೆಯುವ ಗೋಜೇ ಇಲ್ಲ. ಹೋದ ವರ್ಷ ಹುಲ್ಲಿನ ಮರೆಯಲ್ಲಿ ಅವಳ ಕಾಲಿಗೆ ಸಿಗದೆ ಉಳಿದ ಬಿಲಗಳಲ್ಲೇ ಸಂಸಾರ. ಅವಳು ಒಂದರಲ್ಲಿ ಮೊಣಕೈವರೆಗೆ ಕೈ ಇಳಿಸಿದಳು. ಏಡಿಗಳು ಮಗುಚಿ ಮಗುಚಿ ಗಾಳಿಯಾಡಿಸುತ್ತಿದ್ದ ಮಣ್ಣು ಕಾಡಿಗೆಯಂತೆ ಕಪ್ಪಾಗಿ ಕೊಳೆತಿತ್ತು. ನೀರು ಬೆರಳು ಸವರಿಕೊಂಡು ಬಾವಿಯ ಕಡೆ ಹರಿಯುತ್ತಿತ್ತು.

ಹಾಗೇ ಗೌಸಬೀಯ ಮನೆಗೆ ನಡೆದಳು. ಅನೀಸಾ ತಂಬಿಗೆ ಎತ್ತಿದ್ದಳು.

“ಅದನ್ನ ಕುಡೀಬ್ಯಾಡ. ಏಡಿ ಸತ್ತಿಲ್ಲ, ಮಣ್ಣು ಎತ್ತೂದು ಬಿಟ್ಟಾವ. ನಾ ನೋಡೂದು ಬಿಟ್ಟೆ.”

ಅನೀಸಾ ತಂಬಿಗೆ ಕೆಳಗಿಟ್ಟು ಹೊಟ್ಟೆಯ ಮೇಲೆ ಕೈಯಿಟ್ಟಳು. “ಇಷ್ಟು ದಿನಾ ಇದನ್ನ ಕುಡದೀನಲ್ಲ ಅಕ್ಕಾ. ಕೂಸಿಗೆ ಏನರ ಆಗತೈತೇನು?”

ರೇಣುಕಾದೇವಿಯೂ ಹೆತ್ತವಳು. ಏನೂ ಆಗುವುದಿಲ್ಲ ಎನ್ನುವ ಮಾತು ನಾಲಿಗೆವರೆಗೆ ಬಂತು.

“ನಂಗ ಗೊತ್ತಿಲ್ಲವ್ವ. ದವಾಖಾನಿಗೆ ಹೋಗೂಣು ನಡಿ.”

ರೇಣುಕಾದೇವಿ ತನ್ನ ಮನೆಯಲ್ಲಿ ಬಿಲದ ಸುದ್ದಿ ಹೇಳಿ, ಗೌಸಬೀಯನ್ನೂ ಕರೆದುಕೊಂಡು ಹೊರಟಳು. ಕೂಸಿನ ಎದೆಬಡಿತ ಸರಿ ಇದೆ, ಜ್ವರ ಬಂದರೆ ತಡಮಾಡದೆ ಬನ್ನಿ, ನೀರು ಕಾಯಿಸಿ ಕುಡಿಯಿರಿ ಎಂದರು ಡಾಕ್ಟರಮ್ಮ. ಅದಕ್ಕಿಂತ ಹೆಚ್ಚು ಈಗಲೇ ಹೇಳಲು ಬರುವುದಿಲ್ಲ ಎಂದರು.

ಮೂವರೂ ತಿರುಗಿ ಬರುವಾಗ ಗೋವಿಂದರಾಜ ಒಡ್ಡು ಕಡಿದು ಕಪ್ಪು ಮಣ್ಣು ತೆಗೆದು ಹಾಕುತ್ತಿದ್ದ. ಯಾರೂ ನೀರು ಸೇದದಂತೆ ಬಾವಿಯ ಬಾಯಿಗೆ ಜಾಲಿ ಮುಳ್ಳು ಬಿದ್ದಿತ್ತು. ಶಾಂತಕ್ಕ ರಸ್ತೆಯ ನಲ್ಲಿಯಿಂದ ನೀರು ಹೊತ್ತು ತಂದು, ಕಾಯಿಸಿ ಆರಿಸಿ ಗೌಸಬೀಯ ಕಟ್ಟೆಯ ಮೇಲೆ ಇಟ್ಟಿದ್ದಳು. ಅನೀಸಾ ಕುಡಿಯುವವರೆಗೂ ಅಲ್ಲೇ ನಿಂತಿದ್ದಳು.

“ಯಾಕ ನಿಂತಿ, ಕೂಡು,” ಎಂದಳು ಗೌಸಬೀ.

“ಕಾಲು ರಾಡಿ ಅದಾವ,” ಎಂದಳು ಶಾಂತಕ್ಕ. ಕೂಡಲಿಲ್ಲ, ಹೋಗಲೂ ಇಲ್ಲ.