ರಾಮಚಂದ್ರ ಸರ್ ಅವರ ಐದು ನಿಮಿಷದ ಭಾಷಣ

೧

ಎಲ್ಲಿಂದ ಶುರು ಮಾಡಲಿ? ತಿ. ನರಸೀಪುರದ ಬಸ್ ಸ್ಟ್ಯಾಂಡಿನಿಂದಲೋ, ಮೈಸೂರಿನ ಕ್ಲಾಸ್‌ರೂಮಿನಿಂದಲೋ, ನಂಜನಗೂಡಿನ ರಸ್ಕ್ ಕಾರ್ಖಾನೆಯಿಂದಲೋ? ಮೊದಲ ಕರಡು ಹೊಳೆಯ ಮೇಲೆ ಸೂರ್ಯ ಹುಟ್ಟುವುದರಿಂದ ಶುರುವಾಗಿತ್ತು. ಕತೆಯ ಹುಡುಗಿ ಕವನ ಅದನ್ನು ಓದಿ, "ನಾನು ಏಳೋ ಹೊತ್ತಿಗೆ ಸೂರ್ಯ ಹುಟ್ಟಿ ಯಾವ ಕಾಲ ಆಗಿರುತ್ತೆ. ತೆಗೀರಿ ಇದನ್ನ" ಅಂದಳು. ತೆಗೆದೆ. (ಪಾತ್ರದ ಮಾತಿಗೆ ಇಷ್ಟು ಬೇಗ ಮಣಿಯುವ ಕತೆಗಾರನಿಗೆ ಯಾರೂ ಶಾಲು ಹೊದಿಸುವುದಿಲ್ಲ. ಗೊತ್ತು.)

ಹಾಗಾಗಿ ನೇರವಾಗಿ ಹೇಳಿಬಿಡುತ್ತೇನೆ. ಕವನ ತಿ. ನರಸೀಪುರದ ಹುಡುಗಿ. ಮೈಸೂರಿನಲ್ಲಿ ಅನ್ವಯಿಕ ಮನಃಶಾಸ್ತ್ರದ ಎಂ.ಎಸ್ಸಿ., ಕೊನೆಯ ವರ್ಷ. ಅವಳು ಆರಿಸಿಕೊಂಡದ್ದು ಕೆಲಸದ ಜಾಗದ ಮನಃಶಾಸ್ತ್ರ. ಜನ ಯಾಕೆ ಮೈಬಗ್ಗಿಸಿ ದುಡಿಯುತ್ತಾರೆ, ಯಾಕೆ ಬೇಸರಪಡುತ್ತಾರೆ, ಸಾಹೇಬರು ಬಂದಾಗ ಮಾತ್ರ ಯಾಕೆ ಚುರುಕಾಗುತ್ತಾರೆ ಎನ್ನುವ ಓದು. ಅವಳ ಅಪ್ಪ ಬೆಟ್ಟಯ್ಯ ಸರ್ಕಾರಿ ಆಫೀಸೊಂದರಲ್ಲಿ ಅಟೆಂಡರು. ಮಗಳ ಓದನ್ನು ಬೀದಿಯವರಿಗೆ ವಿವರಿಸುವ ಹೊಣೆ ಅವನದೇ.

"ಉಚ್ಚಿನ ಡಾಕ್ಟ್ರಲ್ಲ ಕಣಪ್ಪಾ. ಕೆಲ್ಸ ಮಾಡೋರ ಮನ್ಸು ಎಂಗಿರ್ತದೆ ಅಂತ ಓದ್ತಾವ್ಳೆ."

"ಅದ್ಕೆ ಮೈಸೂರ್ಗಂಟ ಯಾಕ್ ಓಗ್ಬೇಕು? ನಿಮ್ಮಾಫೀಸ್ಗೆ ಒಂದ್ಸಲ ಬಂದಿದ್ರೆ ಸಾಕಿತ್ತು" ಎಂದ ಎದುರುಮನೆ ಸಿದ್ದರಾಜು.

ಬೆಟ್ಟಯ್ಯ ನಕ್ಕ. ಕವನಳಿಗೆ ನಗು ಬರಲಿಲ್ಲ. ಆ ಮಾತಿನಲ್ಲಿ ಅರ್ಧ ನಿಜ ಇತ್ತಲ್ಲ ಎಂದು ಮೈಸೂರಿನ ಬಸ್ಸಿನಲ್ಲಿ ದಾರಿಯುದ್ದಕ್ಕೂ ಯೋಚಿಸಿದಳು.

೨

ಕೊನೆಯ ವರ್ಷದ ಪ್ರಾಜೆಕ್ಟಿಗೆ ಅವಳಿಗೆ ಸಿಕ್ಕಿದ್ದು ನಂಜನಗೂಡಿನ ಇಂಡಸ್ಟ್ರಿಯಲ್ ಏರಿಯಾದ ಒಂದು ರಸ್ಕ್ ಕಾರ್ಖಾನೆ. (ಹುಡುಕಿಕೊಂಡು ಹೋಗಬೇಡಿ. ಅದನ್ನು ಕಟ್ಟಿದವನು ನಾನೇ, ಸಿಮೆಂಟು ಖರ್ಚಿಲ್ಲದೆ.) ಗೇಟು ದಾಟಿದರೆ ಏಲಕ್ಕಿಯ ಘಮ. ಪ್ಯಾಕಿಂಗ್ ವಿಭಾಗದಲ್ಲಿ ಎಲ್ಲರೂ ಹೆಂಗಸರು, ಬಹುಪಾಲು ಕಾಂಟ್ರ್ಯಾಕ್ಟಿನವರು. ಮ್ಯಾನೇಜರು ರಾಮಚಂದ್ರ, ಐವತ್ತು ದಾಟಿದವರು, ಇಸ್ತ್ರಿ ಮಾಡಿದ ಅಂಗಿಯವರು. ಪ್ರತಿ ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಮೈಕು ಹಿಡಿದು ಐದು ನಿಮಿಷ ಸ್ಫೂರ್ತಿ ತುಂಬುತ್ತಿದ್ದರು. ಒಂದು ಕೈ ಸೊಂಟದ ಮೇಲೆ, ಪ್ರತಿ ಎರಡು ವಾಕ್ಯಕ್ಕೊಮ್ಮೆ "ನಾವೆಲ್ಲ ಒಂದೇ ಫ್ಯಾಮಿಲಿ". ಹೆಂಗಸರು ಕೈಕಟ್ಟಿ ಕೇಳುತ್ತಿದ್ದರು.

ಕವನಳ ಗೈಡ್ ಸುಚೇತಾ ಮೇಡಂ ಮೊದಲ ದಿನವೇ ಹೇಳಿಕೊಟ್ಟಿದ್ದರು: ಯಾರು ಏನು ಹೇಳಿದರೂ ಅವರ ಹೆಸರು ನಿನ್ನ ಬಾಯಿಂದ ಹೊರಬೀಳಬಾರದು, ಮಿಕ್ಕಿದ್ದೆಲ್ಲ ಆಮೇಲೆ. ಕವನ ಹೆಂಗಸರಿಗೆ ಹಾಗೆಯೇ ಮಾತು ಕೊಟ್ಟಳು. ಕೊಟ್ಟು ಏನು ಬಂತು? ಯಾರನ್ನು ಕೇಳಿದರೂ "ಎಲ್ಲಾ ಸೆಂದಾಗದೆ ಮೇಡಮ್ಮ" ಎನ್ನುವ ಒಂದೇ ಉತ್ತರ.

ಕೊನೆಗೊಂದು ದಿನ ಮಧ್ಯಾಹ್ನ ಅವಳೂ ಅವರ ಜೊತೆ ಡಬ್ಬಿ ಬಿಚ್ಚಿ ಕೂತಳು. ಹುರುಳಿಕಾಳಿನ ಸಾರು ಕೈಯಿಂದ ಕೈಗೆ ದಾಟುತ್ತಿತ್ತು. ಆಗ ಅವರಲ್ಲೊಬ್ಬಳು, ಹೆಮ್ಮರಗಾಲದ ಪುಟ್ಟಬಸಮ್ಮ, ಎದ್ದಳು. ಸ್ಟೀಲ್ ಲೋಟವನ್ನು ಮೈಕಿನಂತೆ ಹಿಡಿದಳು, ಸೊಂಟದ ಮೇಲೆ ಕೈಯಿಟ್ಟಳು, ಗಂಟಲು ಸರಿಮಾಡಿಕೊಂಡಳು. ರಾಮಚಂದ್ರ ಸರ್ ಅಲ್ಲೇ ಬಂದು ನಿಂತಂತಾಯಿತು. ಕವನ ನಕ್ಕು ನಕ್ಕು ಸಾರು ನೆತ್ತಿಗೇರಿಸಿಕೊಂಡಳು.

(ಇಲ್ಲಿ ಕವನ ಕತೆಯನ್ನು ತಡೆದಳು.

"ಹೆಸರು ಯಾಕೆ ಹಾಕಿದ್ರಿ?"

"ಕತೆ ಅಂದಮೇಲೆ ಹೆಸರು ಬೇಡವಾ?"

"ನಾನು ಮಾತು ಕೊಟ್ಟಿದ್ದೀನಿ ಸರ್. ನೀವು ಕೊಟ್ಟಿಲ್ಲ, ನಿಮಗೇನು?"

ಆದ್ದರಿಂದ ಓದುಗರಲ್ಲಿ ಅರಿಕೆ: ಅವಳ ಹೆಸರು ಪುಟ್ಟಬಸಮ್ಮ ಅಲ್ಲ. ಊರು ಹೆಮ್ಮರಗಾಲವೂ ಅಲ್ಲ. ಅದು ಲೋಟವೂ ಅಲ್ಲದಿರಬಹುದು.)

೩

ಕವನ ವರದಿಯಲ್ಲಿ ಒಂದು ವಾಕ್ಯ ಬರೆದಳು: ಬೆಳಗಿನ ಭಾಷಣದಿಂದ ಹುರುಪು ಬರುವುದು ಬೆಳಿಗ್ಗೆಯಲ್ಲ, ಮಧ್ಯಾಹ್ನ ಸಹೋದ್ಯೋಗಿಯೊಬ್ಬರು ಅದನ್ನು ಅಣಕ ಮಾಡಿದಾಗ. ಬರೆಯುವಾಗ ಒಳ್ಳೆಯ ವಾಕ್ಯ ಅನ್ನಿಸಿತ್ತು. ರಾಮಚಂದ್ರ ಓದಿ ಅವಳನ್ನು ಚೇಂಬರಿಗೆ ಕರೆಸಿದರು.

ಈ ಜಾಗಕ್ಕೆ ನಾನೊಂದು ಸೊಗಸಾದ ಭಾಷಣ ಬರೆದಿಟ್ಟಿದ್ದೆ. ನ್ಯಾಯ, ವಿಶ್ವಾಸ, ದುಡಿಯುವ ಹೆಣ್ಣಿನ ಘನತೆ, ಎಲ್ಲ ಇತ್ತು. ಕವನ ಅದನ್ನು ಆಡಲು ಒಪ್ಪಲಿಲ್ಲ. "ಅಷ್ಟುದ್ದ ಯಾರು ಮಾತಾಡ್ತಾರೆ ಸರ್? ನನಗೆ ನಾಲಿಗೆ ಒಣಗಿಹೋಗಿತ್ತು."

ಆದದ್ದು ಇಷ್ಟು.

"ಯಾರಮ್ಮ ಅದು?" ಎಂದರು ರಾಮಚಂದ್ರ.

"ಹೇಳೋಕಾಗಲ್ಲ ಸರ್."

"ನಾನೇನು ಕೆಲಸದಿಂದ ತೆಗೀತೀನಾ? ಸುಮ್ನೆ ಕೇಳ್ತಿದೀನಿ."

ತೆಗೆಯುವುದೇ ಬೇಕಿರಲಿಲ್ಲ. ತಿಂಗಳ ಕೊನೆಗೆ ಪುಟ್ಟಬಸಮ್ಮನ ಕಾಂಟ್ರ್ಯಾಕ್ಟು ಮುಗಿಯುವುದಿತ್ತು, ಮುಂದುವರಿಸದೆ ಸುಮ್ಮನಿದ್ದರೆ ಸಾಕು.

"ನಾಳೆ ಇದೇ ಕಂಪನಿಯಲ್ಲಿ ಎಚ್.ಆರ್. ಟ್ರೇನಿ ಆಗಿ ಕೂರೋಳು ನೀನು. ನಾನೇ ಹೆಸರು ಹೇಳಿದೀನಿ ಮೇಲಿನವರಿಗೆ. ಇಷ್ಟು ಹೇಳದೆ ಹೋದರೆ ಹೇಗೆ?"

ಮನೆಯಲ್ಲಿ ಅಪ್ಪ ಆ ಕೆಲಸದ ವಿಷಯ ಇಡೀ ಬೀದಿಗೆ ಹೇಳಿಯಾಗಿತ್ತು. ಆದರೂ ಕವನ "ಆಗಲ್ಲ ಸರ್" ಎಂದಳು.

ರಾಮಚಂದ್ರ ಕನ್ನಡಕ ತೆಗೆದು ಒರೆಸಿದರು. ಕಿಟಕಿಯಾಚೆ ನೋಡಿದರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ಚೆನ್ನಾಗಿ ಮಾಡ್ತಾರಾ?"

"ಸರ್?"

"ನನ್ನ ಥರಾನೇ ಮಾಡ್ತಾರಾ ಅಂತ. ಎಲ್ಲಿ, ತೋರಿಸು."

ಕವನ ಎದ್ದಳು. ಪೆನ್ನನ್ನು ಮೈಕು ಮಾಡಿಕೊಂಡು, ಸೊಂಟದ ಮೇಲೆ ಕೈಯಿಟ್ಟು, ಮ್ಯಾನೇಜರ ಮುಂದೆ ಮ್ಯಾನೇಜರಾದಳು.

"ಅಷ್ಟೊಂದು ಸಲ ಫ್ಯಾಮಿಲಿ ಅಂತೀನಾ?"

"ಹೂಂ ಸರ್."

"ದಿನಾ ಕನ್ನಡಿ ಮುಂದೆ ಪ್ರಾಕ್ಟೀಸ್ ಮಾಡ್ತೀನಿ ಕಣಮ್ಮ" ಎಂದರು. "ನಮ್ಮನೆಯವಳು ನಾಲ್ಕು ವರ್ಷದಿಂದ ಕೇಳಿಸ್ಕೋತಿದ್ದಾಳೆ. ಒಂದು ಮಾತೂ ಅಂದಿಲ್ಲ."

ಪ್ರಾಜೆಕ್ಟಿಗೆ ಸಹಿ ಹಾಕಿ ಕೊಟ್ಟರು. ಕೆಲಸದ ಮಾತೆತ್ತಲಿಲ್ಲ.

೪

ಕವನಳಿಗೆ ಕಾರ್ಖಾನೆಯಲ್ಲಿ ಇನ್ನೂ ಒಂದು ವಾರ ಉಳಿದಿತ್ತು. ಮರುದಿನ ಭಾಷಣ ಇರಲಿಲ್ಲ. ಅದರ ಮರುದಿನವೂ ಇಲ್ಲ. ಹೆಂಗಸರು ಮೊದಲು ಹಗುರಾದರು, ಆಮೇಲೆ ಗಾಬರಿಯಾದರು. ಯಾರೋ ಸಾಹೇಬರಿಗೆ ಚಾಡಿ ಹೇಳಿದ್ದಾರೆ ಎನ್ನುವ ಗುಸುಗುಸು ಎದ್ದಿತು. ಯಾರು ಎನ್ನುವುದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿರಲಿಲ್ಲ. ಪುಟ್ಟಬಸಮ್ಮ ಕೈ ತೊಳೆಯುವ ನಲ್ಲಿಯ ಹತ್ತಿರ ಕವನಳನ್ನು ಹಿಡಿದಳು.

"ನೀನೇ ಏಳ್ದಲ್ವಾ? ಎಸ್ರು ಬರಾಕಿಲ್ಲ ಅಂದಿದ್ದೆ."

"ಹೆಸರು ಹೇಳಲಿಲ್ಲ ಅಕ್ಕ. ಆದರೆ ಮಾಡಿ ತೋರಿಸಿದೆ."

"ಏನ?"

"ನೀವು ಮಾಡಿದ್ದನ್ನ. ಅವರ ಮುಂದೆ."

ಪುಟ್ಟಬಸಮ್ಮ ಸೆರಗಿಗೆ ಕೈ ಒರೆಸಿಕೊಳ್ಳುವುದನ್ನು ಅರ್ಧಕ್ಕೆ ನಿಲ್ಲಿಸಿದಳು. "ಎಲ್ಲಿ, ಮಾಡು ನೋಡಾನ."

ಕವನ ಮಾಡಿದಳು.

"ಥೂ, ಅಂಗಲ್ಲ ಕಣವ್ವಾ. ಆವಯ್ಯ ಭುಜ ಒಸಿ ವಾಲಿಸ್ತಾನೆ. ನೀ ಮಾಡಿದ್ ನೋಡಿ ಬೇಜಾರಾಗೇ ಮಾತು ಬುಟ್ಟಿರ್ಬೇಕು" ಎಂದಳು. ನಗಲು ಹೋದವಳ ಮುಖದಲ್ಲಿ ನಗು ಉಳಿಯಲಿಲ್ಲ. "ಮನೇಲಿ ದುಡಿಯೋಳು ನಾನೊಬ್ಳೇಯಾ" ಎಂದು ಸೇರಿಸಿ ಒಳಗೆ ಹೋದಳು. ಕವನ ನಲ್ಲಿ ತಿರುಗಿಸಿ ಮುಖಕ್ಕೆ ನೀರು ಹಾಕಿಕೊಂಡಳು, ಎರಡು ಸಲ.

ಮಾರನೆಯ ಬೆಳಿಗ್ಗೆ ರಾಮಚಂದ್ರ ತಲೆ ತಗ್ಗಿಸಿ ಪ್ಯಾಕಿಂಗ್ ವಿಭಾಗ ದಾಟುತ್ತಿದ್ದಾಗ ಸಾಲಿನೊಳಗಿಂದ ಪುಟ್ಟಬಸಮ್ಮನೇ ಕೇಳಿದಳು: "ಸಾ, ಇವತ್ತೂ ಮಾತಾಡಾಕಿಲ್ವಾ? ಒಂಥರಾ ಬಣಬಣ ಅಂತದೆ."

ರಾಮಚಂದ್ರ ನಿಂತರು. ಅವಳನ್ನು ನೋಡಿದರು. ಆಮೇಲೆ ಕವನಳನ್ನು ನೋಡಿದರು. ಮುಖ ಓದುವುದನ್ನು ಎರಡು ವರ್ಷ ಕಲಿತಿದ್ದ ಕವನ ತನ್ನ ಮುಖವನ್ನು ಎಲ್ಲಿಡಬೇಕೆಂದು ತಿಳಿಯದೆ, ಗೋಡೆಯ ಮೇಲಿನ ಬೆಂಕಿ ಆರಿಸುವ ಸಿಲಿಂಡರನ್ನು ಬಹಳ ಆಸಕ್ತಿಯಿಂದ ನೋಡಿದಳು. ರಾಮಚಂದ್ರ ಮೈಕು ತರಿಸಿದರು. ಮಾತಾಡಿದರು. ಚಿಕ್ಕದಾಗಿ.

೫

ಅಂತ್ಯ ಒಂದು: ಅವರು ಪುಟ್ಟಬಸಮ್ಮನ ಕೈಗೇ ಮೈಕು ಕೊಟ್ಟರು, ಎಲ್ಲರೂ ಚಪ್ಪಾಳೆ ತಟ್ಟಿದರು. (ಕವನ: "ಸೀರಿಯಲ್ಲಾ ಇದು?")

ಅಂತ್ಯ ಎರಡು: ತಿಂಗಳ ಕೊನೆಗೆ ಪುಟ್ಟಬಸಮ್ಮನ ಕೆಲಸ ಹೋಯಿತು. (ಬರೆದು ನೋಡಿದೆ. ಬಹುಮಾನದ ವಾಸನೆ ಹೊಡೆಯಿತು. ಹರಿದುಹಾಕಿದೆ.)

ನಡೆದದ್ದು ಹೇಳುತ್ತೇನೆ. ಪುಟ್ಟಬಸಮ್ಮನ ಕಾಂಟ್ರ್ಯಾಕ್ಟು ಮುಂದುವರಿಯಿತು. ಕವನ ಪಾಸಾದಳು, ಅಲ್ಲೇ ಟ್ರೇನಿಯಾಗಿ ಸೇರಿದಳು. ಬೆಟ್ಟಯ್ಯ ಬೀದಿಗೆಲ್ಲ ರಸ್ಕ್ ಹಂಚಿದ.

ಹಾಗಾದರೆ ಅಣಕ ಮಾಡಿದವಳು ಯಾರೆಂದು ರಾಮಚಂದ್ರರಿಗೆ ಅವತ್ತು ಗೊತ್ತಾಯಿತೇ? ಗೊತ್ತಿದ್ದೂ ಕೆಲಸದಲ್ಲಿ ಇಟ್ಟುಕೊಂಡರೇ? "ಗೊತ್ತಾಗ್ದೆ ಏನು, ಆವಯ್ಯ ಮಂಕಾ?" ಎನ್ನುತ್ತಾಳೆ ಪುಟ್ಟಬಸಮ್ಮ. ನನಗೂ ಅದೇ ಬೇಕು, ಕತೆಗೆ ಚೆಂದ. ಹೋಗಿ ಕೇಳಿಕೊಂಡು ಬಾ ಎಂದು ಕವನಳನ್ನು ಪೀಡಿಸಿದೆ. ದಿನಾ ಅವರ ಪಕ್ಕದ ಕ್ಯಾಬಿನ್ನಿನಲ್ಲೇ ಕೂರುತ್ತಾಳೆ, ನಾಲ್ಕು ಹೆಜ್ಜೆ.

"ಏನಂತ ಕೇಳಲಿ ಸರ್?" ಎಂದಳು. "ಯಾರ ವಿಷಯ ಅಂತ ಹೇಳದೆ ಹೇಗೆ ಕೇಳಲಿ?"